ಮೀನಿನ ಇನ್ನೊಂದು ಮಗ್ಗುಲು

ಸೆಪ್ಟೆಂಬರ್ 2

ನಾನು ಶಾಲೆ ಬಿಟ್ಟದ್ದು ಇಂಗ್ಲಿಷ್ ತಲೆಗೆ ಹತ್ತದೆ ಅಲ್ಲ. ಈಜುಕೊಳಕ್ಕೆ ಹೆದರಿ.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬಂದರು ಪಟ್ಟಣದ ವೃತ್ತಿಶಾಲೆಯಲ್ಲಿ ಎರಡನೇ ವರ್ಷಕ್ಕೆ ಈಜು ಕಡ್ಡಾಯ ಎಂದು ಗೋಡೆಗೆ ಅಂಟಿಸಿದ ದಿನವೇ ಬಟ್ಟೆ ಗಂಟು ಕಟ್ಟಿಕೊಂಡು ದ್ವೀಪಕ್ಕೆ ವಾಪಸು ಬಂದೆ. ಅಮ್ಮ ಯಾಕೆ ಅಂದಳು. ಅದೇ ವಾರ ಇಂಗ್ಲಿಷಿನಲ್ಲಿ ನಪಾಸಾಗಿದ್ದೆ. ಆ ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟೆ, ಅಷ್ಟೆ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ. ಅದು ನನ್ನ ಪರವಾಗಿ ಹೇಳಿದ ಸುಳ್ಳನ್ನು ತಡೆಯಲೂ ಇಲ್ಲ. ಅವತ್ತಿನಿಂದ ಅಮ್ಮ ಸಿಂಪಿಯ ಚಿಪ್ಪು ಸುಲಿಯುವ ಶೆಡ್ಡಿನಲ್ಲಿ ಕೂತು ಹತ್ತು ಜನರೆದುರು ಇಂಗ್ಲಿಷಿಗೆ ಶಾಪ ಹಾಕುತ್ತಿದ್ದಾಳೆ. ಮಗಳ ಬಾಳು ಹಾಳು ಮಾಡಿದ್ದು ಆ ಭಾಷೆಯಂತೆ.

ಮೀನುಗಾರರ ದ್ವೀಪದಲ್ಲಿ ಹುಟ್ಟಿ ನೀರಿಗೆ ಹೆದರುವುದೆಂದರೆ ಕಟುಕನ ಮನೆಯಲ್ಲಿ ಹುಟ್ಟಿ ರಕ್ತಕ್ಕೆ ಹೆದರಿದ ಹಾಗೆ. ಹೊರಗೆ ಗೊತ್ತಾಗದಂತೆ ಬದುಕುವುದು ಕಷ್ಟವೇನಲ್ಲ. ಹೆಣ್ಣುಮಕ್ಕಳು ನೀರಿಗಿಳಿಯಬೇಕು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಪಟ್ಟಣಕ್ಕೆ ಹೋಗುವ ಲಾಂಚಿನಲ್ಲಿ ನಾನು ಒಳಗೆ, ಎಂಜಿನ್ನಿನ ಪಕ್ಕದ ಬೆಂಚಿನಲ್ಲಿ, ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ಕೂರುತ್ತೇನೆ. ಕಿಟಕಿಯ ಕಡೆ ಕಣ್ಣು ಹಾಯಿಸುವುದಿಲ್ಲ.

ಅಪ್ಪ ಹೋದಾಗ ನನಗೆ ಆರು ವರ್ಷ. ಅವನನ್ನು ತರಲಿಲ್ಲ, ದೋಣಿಯನ್ನು ತಂದರು. ಎಳೆದು ತಂದಾಗ ಅದರ ಹೊಟ್ಟೆ ಮೇಲಿತ್ತು. ಪಾಚಿ ಕಟ್ಟಿದ ಹಸಿರು ಹೊಟ್ಟೆ. ಯಾರೋ ನನ್ನ ಕಣ್ಣು ಮುಚ್ಚಿದರು. ತಡವಾಗಿ ಮುಚ್ಚಿದರು.

ಇಷ್ಟೆಲ್ಲ ಗೊತ್ತಿದ್ದೂ ಪ್ರವಾಸಿಗರ ದೊಡ್ಡ ಹಡಗಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸಕ್ಕೆ ಹೆಸರು ಕೊಟ್ಟು ಬಂದಿದ್ದೇನೆ. ಈ ಶೆಡ್ಡಿನಲ್ಲಿ ಇನ್ನೊಂದು ವರ್ಷ ಕೂತರೆ ನಾನೇ ಚಿಪ್ಪಾಗಿಬಿಡುತ್ತೇನೆ. ಮೊದಲು ಇಂಗ್ಲಿಷ್ ತರಗತಿ, ಆಮೇಲೆ ಕೊಳದಲ್ಲಿ ಪ್ರಾಣ ಉಳಿಸಿಕೊಳ್ಳುವ ತರಬೇತಿ, ಕೊನೆಗೆ ಮಾತಿನ ಪರೀಕ್ಷೆ. ಕೊಳ ಇನ್ನೂ ದೂರ ಇದೆ ಎಂದು ಧೈರ್ಯ ಮಾಡಿ ಸಹಿ ಹಾಕಿದೆ. ದೂರ ಇರುವುದೂ ಒಂದು ದಿನ ಬಂದೇ ಬರುತ್ತದೆ ಎನ್ನುವುದು ಲಾಂಚು ಹತ್ತಿದ ಮೇಲೆ ಹೊಳೆಯಿತು.

ಸೆಪ್ಟೆಂಬರ್ 5

ತರಗತಿ ನಡೆಯುವುದು ಹಗ್ಗದ ಅಂಗಡಿಯ ಮಹಡಿಯ ಮೇಲೆ. ಟಾಂಗ್ ಟೀಚರ್ ಬೆಟ್ಟದ ಸೀಮೆಯವರು. ಆಳು ಸಣ್ಣ, ಗಂಟಲು ಜಾಗಟೆ. ಇವತ್ತು ಬಂದವರೇ ಬೋರ್ಡಿನ ಮೇಲೆ ಒಂದೇ ಪದ ಬರೆದರು. ಟರ್ನ್.

ಅದರ ಸುತ್ತ ನಮ್ಮ ಚೀನೀ ಪದಗಳನ್ನು ಬರೆಯುತ್ತಾ ಹೋದರು. ಚಕ್ರ ತಿರುಗಿಸುವುದಕ್ಕೆ ನಮ್ಮಲ್ಲಿ ಒಂದು ಪದ. ದೀಪ ಹಾಕುವುದಕ್ಕೆ ಇನ್ನೊಂದು. ಬೀದಿಯ ಮೂಲೆಯಲ್ಲಿ ಎಡಕ್ಕೆ ಹೊರಳುವುದಕ್ಕೆ ಬೇರೆ, ಹಾಲು ಹುಳಿಯಾಗುವುದಕ್ಕೆ ಬೇರೆ, ವಯಸ್ಸು ಇಪ್ಪತ್ತು ತುಂಬುವುದಕ್ಕೆ ಬೇರೆ. ಬೇಡ ಅನ್ನುವುದಕ್ಕೆ, ಸರದಿ ಬರುವುದಕ್ಕೆ, ಮುಖ ಕೆಂಪೇರುವುದಕ್ಕೆ. ಬೋರ್ಡು ತುಂಬಿತು. ಇಂಗ್ಲಿಷಿನವರಿಗೆ ಮಾತ್ರ ಎಲ್ಲಕ್ಕೂ ಆ ಒಂದೇ ಪದವಂತೆ.

ನನ್ನ ಪಕ್ಕ ಕೂರುವ ಪಾನ್ ಚಹಾ ತೋಟದ ಕಡೆಯ ಹುಡುಗಿ. ಮಾತು ತಡೆಯುವವಳಲ್ಲ. "ಟೀಚರ್, ಆ ಜನಕ್ಕೆ ಪದಗಳಿಗೆ ಅಷ್ಟು ಬರಾನಾ? ಒಂದೇ ಪಾತ್ರೇಲಿ ಅನ್ನ, ಸಾರು, ಪಲ್ಯ ಎಲ್ಲಾ ಬೇಯಿಸ್ಕೋತಾರಲ್ಲ!"

"ತೊಳೆಯೋ ಕೆಲ್ಸ ಕಮ್ಮಿ ನೋಡು," ಅಂದರು ಟೀಚರ್. "ಬಾಯಿಪಾಠ ಮಾಡ್ಬೇಡಿ. ಚೀನೀ ಪೆಟ್ಟಿಗೇಲಿ ಅದರ ಜೋಡಿ ಹುಡುಕ್ತಾ ಕೂತ್ರೆ ಹಡಗು ಹೊರಟೋಗಿರುತ್ತೆ. ಪದ ಹೇಳ್ತಾ ಕೈಯಲ್ಲಿ ಮಾಡಿ. ನಾಲಿಗೆ ಮರೀಬಹುದು, ಕೈ ಮರೆಯಲ್ಲ. ಮನೇಲೂ ಅಷ್ಟೆ, ನಲ್ಲಿ, ಬೀಗ, ಬಾಟ್ಲಿ ಮುಚ್ಚಳ, ಏನ್ ಮುಟ್ಟಿದ್ರೂ ಹೇಳ್ತಾ ಮಾಡಿ."

ಎಲ್ಲರೂ ಎದ್ದು ಬೀಗ ತಿರುಗಿಸಿದೆವು, ದೀಪ ಹಾಕಿ ಆರಿಸಿದೆವು, ಗಿರಕಿ ಹೊಡೆದೆವು. ಕುಣಿತದ ಹಾಗಿತ್ತು. ಅಷ್ಟರಲ್ಲಿ ಟೀಚರ್ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟಿ ಇಟ್ಟು, ಟರ್ನ್ ಜೊತೆಗೆ ಓವರ್ ಅಂತ ಸೇರಿಸಿ, ಅದರ ಕೆಳಗೆ ನಮ್ಮ ಪದವನ್ನೂ ಬರೆದುಬಿಟ್ಟರು.

ದೋಣಿ ತಲೆಕೆಳಗಾದರೆ ಹೇಳುವ ಪದ. ನಮ್ಮ ಮನೆಯಲ್ಲಿ ಆ ಪದವೇ ಇಲ್ಲ. ಸಿಂಪಿಯ ರೊಟ್ಟಿ ಹಂಚಿನ ಮೇಲೆ ಒಂದು ಕಡೆ ಬೆಂದರೆ ಅಮ್ಮ "ಅದಕ್ಕೆ ಇನ್ನೊಂದು ಮುಖ ತೋರ್ಸು" ಅನ್ನುತ್ತಾಳೆ. ತಟ್ಟೆಯಲ್ಲಿ ಇಡೀ ಮೀನು ಇಟ್ಟರೆ ಮೇಲಿನ ಮಗ್ಗುಲು ತಿಂದು, ನಡುಮುಳ್ಳು ಎತ್ತಿ ಪಕ್ಕಕ್ಕಿಟ್ಟು, ಕೆಳಗಿನ ಮಗ್ಗುಲು ತಿನ್ನುವುದು. ಮೀನು ಮಲಗಿದ ಹಾಗೇ ಇರಬೇಕು, ಇಲ್ಲದಿದ್ದರೆ ಕಡಲಲ್ಲಿರುವ ದೋಣಿಗೂ ಅದೇ ಗತಿ ಎನ್ನುತ್ತಾರೆ. ಇಲ್ಲೂ ನಾನು ಆ ಪದ ಬರೆಯುವುದಿಲ್ಲ.

ಉಳಿದವರೆಲ್ಲ ತೊಟ್ಟಿಯನ್ನು ಬೋರಲು ಹಾಕಲು ಸಾಲು ನಿಂತರು. ನಾನೂ, ಪಕ್ಕದ ದ್ವೀಪದ ಇಬ್ಬರು ಹುಡುಗರೂ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟೆವು.

"ಏನು, ಮೂರು ಜನಕ್ಕೂ ಒಟ್ಟಿಗೆ ಲಕ್ವ ಹೊಡೀತಾ?"

"ಸಮುದ್ರಕ್ಕೆ ಹೋಗೋರ ಮನೇಲಿ ಅದನ್ನ ಹೇಳಲ್ಲ ಟೀಚರ್," ಅಂದೆ. "ಮಾಡೋದೂ ಇಲ್ಲ."

ಟೀಚರ್ ಮುಖ ಕೆಂಪಾಯಿತು. (ಅದಕ್ಕೂ ಅದೇ ಪದ.) ತೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ನೆಲದ ಮೇಲೆ, ಬಾಯಿ ಮೇಲಾಗಿ ಇಟ್ಟರು. "ನಂಗೆ ಗೊತ್ತಿರ್ಲಿಲ್ಲಮ್ಮ. ಅದೊಂದನ್ನ ಬಿಡೋಣ."

"ಪರೀಕ್ಷೇಲಿ ಬರುತ್ತಾ?"

"ಬರುತ್ತೆ. ಕೊಳದಲ್ಲೂ ಬರುತ್ತೆ."

"ಹಾಗಾದ್ರೆ ಕಲಿಸಿ."

ಯಾಕೆ ಹಾಗಂದೆನೋ. ದ್ವೀಪದ ಹುಡುಗರು ನನ್ನನ್ನು ನುಂಗುವ ಹಾಗೆ ನೋಡಿದರು. ನನ್ನ ಕೈಯಿಂದಲೇ ತೊಟ್ಟಿ ಬೋರಲು ಬಿದ್ದಾಗ ಬಂದ ಸದ್ದು ವಾಪಸು ಬರುವಾಗ ಲಾಂಚಿನ ಎಂಜಿನ್ನಿನ ಸದ್ದಿನೊಳಗೂ ಕೇಳುತ್ತಲೇ ಇತ್ತು.

ಸೆಪ್ಟೆಂಬರ್ 6

ಒಂದು ವಿಚಿತ್ರ. ಟರ್ನ್ ಅಂದರೆ ನನಗೆ ಹಸಿರು ಹೊಟ್ಟೆ ಕಾಣುವುದಿಲ್ಲ. ಆ ಪದಕ್ಕೆ ನಮ್ಮಪ್ಪನ ಪರಿಚಯ ಇಲ್ಲ.

ಆದರೂ ಮನೆಯಲ್ಲಿ ಪಿಸುಗುಟ್ಟಿಯೇ ಹೇಳಿಕೊಳ್ಳುತ್ತೇನೆ.

ಸೆಪ್ಟೆಂಬರ್ 12

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಾಳೆ ಕುನ್‌ಷೆಂಗ್ ಮಾವನ ದೋಣಿ ಹೊರಡುತ್ತದೆ. ಅಮ್ಮನಿಗೆ ಒಬ್ಬನೇ ತಮ್ಮ. ಅವನು ಮದುವೆಯಾಗಿಲ್ಲ. ಹೊರಡುವ ಮುನ್ನಿನ ಊಟ ಯಾವಾಗಲೂ ನಮ್ಮಲ್ಲೇ. ಅಮ್ಮ ದೊಡ್ಡ ಹಳದಿ ಮೀನು ಹಬೆಯಲ್ಲಿ ಬೇಯಿಸಿ, ಶುಂಠಿ, ಈರುಳ್ಳಿ ಹೂವು ಹಾಕಿ, ತಲೆ ಅವನ ಕಡೆ ಬರುವಂತೆ ಇಟ್ಟಳು.

"ಏನಮ್ಮಾ ಇಂಗ್ಲಿಷ್ ಮೇಡಂ," ಅಂತ ಶುರು ಮಾಡಿದ ಮಾವ. "ಹಡಗಲ್ಲಿ ಪರದೇಶದವರ ಹಾಸಿಗೆ ಹಾಸ್ತೀಯಂತೆ? ಇಲ್ಲಿ ನಿನ್ನ ಹಾಸಿಗೆ ಮಡಿಸೋಕೆ ನಿಮ್ಮಮ್ಮ ಬೇಕು!"

"ಅವರು ನಿನ್ ಥರ ಹಾಸಿಗೇಲಿ ಕೂತು ಕಡ್ಲೇಕಾಯಿ ತಿನ್ನಲ್ಲ ಮಾವ."

"ನೋಡಕ್ಕಾ, ಇನ್ನೂ ಹಡಗು ಹತ್ತಿಲ್ಲ, ಆಗ್ಲೇ ಅವರ ಪಕ್ಷ!"

ಅಮ್ಮ ನಗುತ್ತಾ ಬಾಗಿಲಿಗೆ ಹೋದಳು, ಕಡಲ ತಾಯಿ ಮಾಜುವಿಗೆ ಊದುಕಡ್ಡಿ ಹಚ್ಚಲು. ಮೀನಿನ ಮೇಲಿನ ಮಗ್ಗುಲು ಮುಗಿದಿತ್ತು. ನಾನು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಸೋಯಾ ಬಾಟಲಿಯ ಮುಚ್ಚಳ ತಿರುಗಿಸಿದೆ, ಟರ್ನ್. ಚಮಚ, ಟರ್ನ್. ಆಮೇಲೆ ನನ್ನ ಊಟದ ಕಡ್ಡಿಗಳು ಮೀನಿನ ಅಡಿಗೆ ಹೋದವು. ನಾನು ಕಳಿಸಲಿಲ್ಲ. ಹೋದವು. ಕೆಳಗಿದ್ದ ಮಗ್ಗುಲು ಮೇಲೆ ಬಂದು, ಅರ್ಧ ತಿಂದಿದ್ದ ಮೀನು ಯಾರೂ ಮುಟ್ಟದ ಮೀನಿನ ಹಾಗೆ ತಟ್ಟೆಯಲ್ಲಿ ಇಡಿಯಾಗಿ ಮಲಗಿತು.

ಮಾವನ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಬಾಗಿಲಲ್ಲಿ ಅಮ್ಮನ ಚಪ್ಪಲಿಯ ಸದ್ದು ಕೇಳಿಸಿತು. ಮಾವ ತಟ್ಟೆಯಂಚಿನ ಶುಂಠಿ, ಈರುಳ್ಳಿಯನ್ನೆಲ್ಲ ಬಾಚಿ ಮೀನಿನ ಮೇಲೆ ಗುಡ್ಡೆ ಹಾಕಿ ಗಬಗಬ ತಿನ್ನತೊಡಗಿದ.

"ಇದೇನೋ ಇದು, ಶುಂಠಿಗೆ ಬಿದ್ದು ಸಾಯ್ತಿದ್ದೀಯ?" ಅಂದಳು ಅಮ್ಮ.

"ಶೀತ ಕಣಕ್ಕ."

ಕಣ್ಣಲ್ಲಿ ನೀರು ಬರುವವರೆಗೆ ತಿಂದ. ಹೊರಡುವಾಗ ಹೊಸಿಲ ಮೇಲೆ ನನ್ನ ಕಿವಿ ಹಿಂಡಿ, "ಏನೂ ಆಗಿಲ್ಲ. ಬಾಯಿ ಮುಚ್ಕೊಂಡಿರು," ಅಂದ. ನಕ್ಕ ಕೂಡ. ಆದರೆ ಯಾವಾಗಲೂ ಬೀದಿಯ ತಿರುವಿನಲ್ಲಿ ನಿಂತು ಕೈ ಬೀಸುವವನು ಇವತ್ತು ಬೀಸಲಿಲ್ಲ.

ಸೆಪ್ಟೆಂಬರ್ 13

ಬೆಳಗಿನ ಉಬ್ಬರಕ್ಕೆ ಮಾವನ ದೋಣಿ ಹೋಯಿತು. ಗಾಳಿ ಇಲ್ಲ. ಆಕಾಶ ತೊಳೆದಿಟ್ಟ ಹಾಗಿದೆ. ಏನೂ ಆಗುವುದಿಲ್ಲ.

ಸೆಪ್ಟೆಂಬರ್ 15

ಗಾಳಿ ಎದ್ದಿದೆ. ಬಂದರಿನ ಮೈಕಿನಲ್ಲಿ ಬೆಳಗಿನಿಂದ ಕೂಗುತ್ತಿದ್ದಾರೆ, ಎಲ್ಲ ದೋಣಿಗಳೂ ಹಿಂದಿರುಗಬೇಕು. ಲಾಂಚು ನಿಂತಿದೆ, ಹಾಗಾಗಿ ತರಗತಿಯೂ ಇಲ್ಲ. ಅಮ್ಮ ಎರಡು ಸಲ ದೋಣಿ ಕಟ್ಟುವ ಧಕ್ಕೆಗೆ ಹೋಗಿ ಬಂದಳು. ಮೂರನೇ ಸಲ ನಾನು ಹೋದೆ. ದೋಣಿಗಳು ಒಂದರ ಹಿಂದೆ ಒಂದು ಬಂದು ಒತ್ತೊತ್ತಾಗಿ ನಿಲ್ಲುತ್ತಿದ್ದವು. ಮಾವನ ದೋಣಿಯ ಜಾಗದಲ್ಲಿ ನೀರು ಮಾತ್ರ ಕುದಿಯುತ್ತಿತ್ತು.

ಬರುತ್ತಾನೆ. ಸೋಮಾರಿ ಅವನು. ಯಾವಾಗಲೂ ಕೊನೆಗೇ ಬರುವುದು.

ಸೆಪ್ಟೆಂಬರ್ 16

ಬಂದರು ಕಚೇರಿಯ ಪರದೆಯ ಮೇಲೆ ಪ್ರತಿ ದೋಣಿಗೂ ಒಂದು ಚುಕ್ಕಿ. ಮಾವನ ಚುಕ್ಕಿ ನಿನ್ನೆ ಸಂಜೆ ನಿಂತಲ್ಲೇ ನಿಂತು, ಆಮೇಲೆ ಆರಿಹೋಯಿತಂತೆ. ಐದು ಜನ ಇದ್ದಾರೆ ಅದರಲ್ಲಿ. ಗಾಳಿ ಇಳಿಯದೆ ಹುಡುಕುವ ಹಡಗು ಹೊರಡುವುದಿಲ್ಲ.

ನಾನು. ನನ್ನ ಕೈ.

ಬೇರೇನೂ ಬರೆಯಲಾರೆ.

ಸೆಪ್ಟೆಂಬರ್ 17

ಅಮ್ಮ ಅಳುವುದಿಲ್ಲ. ಅಳಬಾರದು, ಅತ್ತರೆ ಹೋದವನೆಂದು ಒಪ್ಪಿಕೊಂಡ ಹಾಗೆ. ಅವಳು ಬೆಳಗಿನಿಂದ ಮನೆಯಲ್ಲಿ ಬೋರಲಾಗಿರುವುದನ್ನು ಹುಡುಕುತ್ತಿದ್ದಳು. ಬಟ್ಟಲು, ಲೋಟ, ಬಾಣಲೆ, ಬುಟ್ಟಿ, ಬಕೆಟ್ಟು ಎಲ್ಲವನ್ನೂ ಒಂದೊಂದಾಗಿ ಎತ್ತಿ, ಬಾಯಿ ಮೇಲೆ ಮಾಡಿ ಇಟ್ಟಳು. ಮಂಚದ ಕೆಳಗೆ ತೂರಿದಳು. ಪಕ್ಕದ ಮನೆಯ ಅಂಗಳಕ್ಕೂ ಹೋಗಿ ಅವರ ಹೂಕುಂಡ ನೆಟ್ಟಗೆ ಮಾಡಿ ಬಂದಳು. ನಾನು ಗಂಜಿಯ ಮುಂದೆ ಕೂತಿದ್ದೆ.

ಹಿತ್ತಲಿನಲ್ಲಿ, ನೀರಿನ ತೊಟ್ಟಿಯ ಮರೆಯಲ್ಲಿ ಅವಳಿಗೆ ಒಂದು ಚಪ್ಪಲಿ ಸಿಕ್ಕಿತು. ಅಟ್ಟೆ ಮೇಲಾಗಿ ಬಿದ್ದಿತ್ತು. ಅವಳದೇ.

"ನಾನೇ," ಅಂದಳು. ಚಪ್ಪಲಿಯನ್ನು ಎದೆಗೆ ಒತ್ತಿಕೊಂಡಳು. "ನಾನೇ ಬಿಟ್ಟಿದ್ದು. ನನ್ನ ತಮ್ಮನ್ನ ನಾನೇ..." ಅದೇ ಚಪ್ಪಲಿಯಿಂದ ಹಣೆ ಬಡಿದುಕೊಳ್ಳತೊಡಗಿದಳು.

ನಾನು ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ಹೇಳಿದರೆ ಹೊಡೆಯುತ್ತಾಳೆ ಅಂತಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅಂತ. ಆದರೆ ಅವಳು ನನ್ನ ಪಾಲಿನ ಪೆಟ್ಟು ತಾನು ಹೊಡೆದುಕೊಳ್ಳುವುದನ್ನು ನೋಡಿ ಕೂರಲು ಆಗಲಿಲ್ಲ. ಕೈ ಹಿಡಿದು ಹೇಳಿದೆ. ಮೀನು, ಪಾಠ, ಶುಂಠಿ, ಎಲ್ಲ.

ಅಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಗಾಳಿಗೆ ಹಿತ್ತಲ ಬಾಗಿಲು ಬಡಿಯುತ್ತಿತ್ತು.

"ಅವನು ನೋಡಿದ್ನಾ?"

"ನೋಡ್ದ."

"ನೋಡಿಯೂ ಹೋದ್ನಾ?"

"ಹೂಂ."

"ಶೀತ ಅಂತೆ, ಶೀತ. ಕಳ್ಳ ನನ್ಮಗ." ಚಪ್ಪಲಿಯನ್ನು ನೆಲಕ್ಕಿಟ್ಟು ಕಾಲಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. "ನಿಮ್ಮಪ್ಪ ಹೊರಟಾಗ ಮೀನು ಬಡಿಸಿದ್ದು ನಾನೇ ಕಣೇ. ಮುಳ್ಳು ಒಂದೇ ಸಲಕ್ಕೆ ಎತ್ತಿದೆ. ತಟ್ಟೆ ಅಲುಗಲಿಲ್ಲ. ಮನೇಲಿ ಒಂದು ಲೋಟ ಬೋರಲಿರ್ಲಿಲ್ಲ. ಎಷ್ಟು ವರ್ಷ ಯೋಚ್ನೆ ಮಾಡಿದೀನಿ ಗೊತ್ತಾ, ಏನ್ ತಪ್ಪಿತು, ಎಲ್ಲಿ ತಪ್ಪಿತು ಅಂತ. ಏನೂ ತಪ್ಪಿರ್ಲಿಲ್ಲ. ಆದ್ರೂ ಮಗುಚಿತು."

ಆ ಪದ. ನಮ್ಮಮ್ಮನ ಬಾಯಲ್ಲಿ. ನಾನು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದ್ದೆ, ಅಷ್ಟರಲ್ಲಿ ಹೇಳಿ ಮುಗಿಸಿದ್ದಳು.

"ಹಾಗಾದ್ರೆ ಇದೆಲ್ಲ ಯಾಕಮ್ಮ?"

"ದಡದಲ್ಲಿ ಕೂತೋರಿಗೆ ಬೇರೆ ಏನ್ ಕೆಲ್ಸ ಇದೆ? ಅವ್ರು ಅಲ್ಲಿ ಹಗ್ಗ ಎಳೀತಾರೆ. ನಾವಿಲ್ಲಿ ಬಟ್ಟಲು ನೆಟ್ಟಗಿಡ್ತೀವಿ."

ಬಾಯಿ ತೆರೆದಿದ್ದಾಗಲೇ ಉಳಿದದ್ದನ್ನೂ ಹೇಳಿಬಿಡೋಣ ಎಂದು ಶಾಲೆ ಬಿಟ್ಟ ಕಾರಣವನ್ನೂ ಹೇಳಿದೆ. ಇಂಗ್ಲಿಷಲ್ಲ, ನೀರು.

ಅಮ್ಮ ಈ ಸಲ ನಿಜವಾಗಿಯೂ ತಲೆಗೊಂದು ಮೊಟಕಿದಳು. "ಇಡೀ ಶೆಡ್ಡಿಗೆ ಕೇಳೋ ಹಾಗೆ ಆ ಭಾಷೇನ ಬೈದ್ಕೊಂಡು ಬಂದೆನಲ್ಲೇ, ಕತ್ತೆ! ಆ ಮುದುಕಿಯರ ಮುಖ ಹೇಗೆ ನೋಡ್ಲಿ?"

ಅದಾದ ಮೇಲೆ ಇಬ್ಬರೂ ಗಂಜಿ ಕುಡಿದೆವು. ತಣ್ಣಗಾಗಿತ್ತು.

ಸೆಪ್ಟೆಂಬರ್ 18

ಗಾಳಿ ಇಳಿದಿದೆ. ಹುಡುಕುವ ಹಡಗು ಹೊರಟಿತು. ಸುದ್ದಿ ಇಲ್ಲ. ನಾಳೆಯಿಂದ ಲಾಂಚು ಓಡುತ್ತದೆ. ನಾಳೆಯೇ ಕೊಳ.

ಹೋಗುವುದಿಲ್ಲ ಅಂದೆ. ಅಮ್ಮ ಬಲೆಯ ತೂತು ಹೊಲಿಯುತ್ತಾ, "ಇಲ್ಲಿದ್ದು ಏನ್ ಮಾಡ್ತೀಯ? ಬಟ್ಟಲುಗಳೆಲ್ಲ ನೆಟ್ಟಗಿವೆ," ಅಂದಳು.

ಸೆಪ್ಟೆಂಬರ್ 19

ಕೊಳದ ನೀರು ನೀಲಿ. ವಾಸನೆ ಆಸ್ಪತ್ರೆಯದು. ತರಬೇತಿ ಕೊಡುವವರು ಹಿಂದೆ ನೌಕಾಪಡೆಯಲ್ಲಿದ್ದವರು, ಬೋಳುತಲೆ. ಹಡಗಿನಲ್ಲಿ ಇಪ್ಪತ್ತು ದೇಶದವರಿರುತ್ತಾರೆ ಎಂದು ಆಜ್ಞೆಗಳನ್ನೆಲ್ಲ ಇಂಗ್ಲಿಷಿನಲ್ಲೇ ಕೊಡುತ್ತಾರೆ.

ನೇರ ಅವರ ಹತ್ತಿರ ಹೋಗಿ ಹೇಳಿದೆ. "ಸರ್, ನಂಗೆ ನೀರು ಕಂಡ್ರೆ ಭಯ. ಮೊದ್ಲೇ ಹೇಳ್ತಿದೀನಿ."

"ಸಂತೋಷ," ಅಂದರು. "ಭಯ ಇಲ್ಲ ಅನ್ನೋರೇ ನಂಗೆ ತಲೆನೋವು. ಸಾಲಿನ ಕೊನೇಲಿ ನಿಂತು ಎಲ್ಲರನ್ನೂ ನೋಡ್ತಾ ಇರು."

ನೋಡುತ್ತಾ ನಿಂತೆ. ತೇಲುವ ಅಂಗಿ ತೊಟ್ಟು, ಮೂಗು ಹಿಡಿದು ಒಬ್ಬೊಬ್ಬರೇ ಹಾರಿದರು. ಪಾನ್ "ಅಮ್ಮಾ!" ಎಂದು ಕಿರುಚುತ್ತಾ ಹಾರಿ, ಮೇಲೆ ಬಂದು, "ಬಾರೇ, ಬಿಸಿನೀರು!" ಅಂತ ಸುಳ್ಳು ಹೇಳಿದಳು. ನನ್ನ ಸರದಿ ಬಂತು. ಕೆಳಗೆ ನೋಡಬೇಡ, ಎದುರಿನ ಗಡಿಯಾರ ನೋಡು ಅಂದರು ಬೋಳುತಲೆಯವರು. ಗಡಿಯಾರ ನೋಡಿದೆ. ಕಾಲು ಮುಂದಿಟ್ಟದ್ದು ನೆನಪಿಲ್ಲ. ಕಿವಿಯಲ್ಲಿ ಗುಂಯ್ ಅಂತು, ಮೂಗಿನಲ್ಲಿ ಉರಿ, ಆಮೇಲೆ ಬೆಳಕು. ಅಂಗಿಯೇ ನನ್ನನ್ನು ಎತ್ತಿ ಹಿಡಿದಿತ್ತು.

ನಿಜವಾದ ಕಷ್ಟ ಆಮೇಲೆ. ರಬ್ಬರಿನ ತೆಪ್ಪ ನೀರಿಗೆ ಬೀಳುವಾಗ ಒಮ್ಮೊಮ್ಮೆ ತಲೆಕೆಳಗಾಗಿ ಅರಳುತ್ತದಂತೆ. ಆಗ ಒಬ್ಬರು ಅದರ ಹೊಟ್ಟೆಯ ಮೇಲೆ ಹತ್ತಿ, ಅಲ್ಲಿರುವ ಪಟ್ಟಿ ಹಿಡಿದು, ಹಿಂದಕ್ಕೆ ವಾಲಿ, ಇಡೀ ತೆಪ್ಪವನ್ನು ತಮ್ಮ ಮೇಲೇ ಬೀಳಿಸಿಕೊಳ್ಳಬೇಕು. ಆಮೇಲೆ ಅಡಿಯಿಂದ ಈಜಿ ಹೊರಬರಬೇಕು.

ಅದು ಅಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಕಪ್ಪು ಹೊಟ್ಟೆ. ನನಗೆ ಹಸಿರಾಗಿಯೇ ಕಂಡಿತು. ಮೊದಲ ಸಲ ಹತ್ತಿ, ಪಟ್ಟಿ ಹಿಡಿದು, ಕೈ ಬಿಟ್ಟು ಜಾರಿ ಅಂಚಿಗೆ ಬಂದು ಅತ್ತುಬಿಟ್ಟೆ. ದ್ವೀಪದ ಇಬ್ಬರು ಹುಡುಗರೂ ಆಗಲೇ ಕೊಳದ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಬೋಳುತಲೆಯವರು ಬೈಯಲಿಲ್ಲ. "ಅದನ್ನ ಹಾಗೇ ಬಿಟ್ರೆ ಒಳಗೆ ಯಾರೂ ಕೂರಕ್ಕಾಗಲ್ಲ," ಅಂದರು ನಮ್ಮ ಭಾಷೆಯಲ್ಲೇ. "ನಿನ್ ಹಿಂದೆ ನೀರಲ್ಲಿ ಐದು ಜನ ಕಾಯ್ತಿದಾರೆ ಅಂದ್ಕೋ."

ಐದು ಜನ ಅಂತ ಯಾಕೆ ಅಂದರೋ. ಅವರಿಗೆ ಮಾವನ ವಿಷಯ ಗೊತ್ತಿರಲಿಲ್ಲ.

ಮತ್ತೆ ಹತ್ತಿದೆ. ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡ, ಬರಿಗೈಯಲ್ಲಿ ಹಿಡಿ ಎಂದು ಕೂಗಿದರು. ಹಿಡಿದೆ. "ಟರ್ನ್ ಇಟ್ ಓವರ್!" ಅಂದರು. ನಾನೂ ಅದನ್ನೇ ಕೂಗಿದೆ, ತರಗತಿಯಲ್ಲಿ ಕೂಗುವ ಹಾಗೆ, ಕೈಯಲ್ಲಿ ಮಾಡುತ್ತಾ. ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಚು ಮೆಲ್ಲಗೆ ನೀರು ಬಿಟ್ಟು ಎದ್ದಿತು, ಗೋಡೆಯ ಹಾಗೆ ನಿಂತಿತು, ನನ್ನ ಮೇಲೆ ಬಂತು. ಕತ್ತಲೆ. ಎಂಥ ಕತ್ತಲೆ. ಅದರೊಳಗೆ ನನ್ನ ಉಸಿರಿನ ಸದ್ದು ಮಾತ್ರ. ಮಾವ ಹೀಗೇ ಎಲ್ಲೋ ಇದ್ದಾನೆ ಅನ್ನಿಸಿತು. ಇದ್ದರೆ ಅವನ ಕಿವಿಗೂ ಅವನ ಉಸಿರು ಕೇಳುತ್ತಿರಬೇಕು. ಅಂಗೈಯಿಂದ ಮೇಲಕ್ಕೆ ತಳ್ಳಿ, ಅಂಗಾತ ಒದೆಯುತ್ತಾ ಹೊರಗೆ ಬಂದೆ.

ತೆಪ್ಪ ಮಗುಚಿತ್ತು. ಮಗುಚಿ ನೆಟ್ಟಗಾಗಿತ್ತು. ಕಿತ್ತಳೆ ಬಣ್ಣದ ಡೇರೆ ಮೇಲೆ, ಬಾಗಿಲು ತೆರೆದುಕೊಂಡು. ಪಾನ್ ಮೊದಲು ಹತ್ತಿ ಕೂತು, "ಚಹಾ ತಗೊಂಬಾರೇ," ಅಂದಳು.

ದ್ವೀಪದ ಹುಡುಗರಲ್ಲಿ ಒಬ್ಬ ಎದ್ದು ಸಾಲಿಗೆ ಬಂದ.

ವಾಪಸು ಬರುವಾಗ ಲಾಂಚಿನ ಒಳಗೆ ಡೀಸೆಲ್ ವಾಸನೆಗೆ ತಲೆ ಸುತ್ತಿತು. ಹೊರಗೆ ಕಂಬಿ ಹಿಡಿದು ನಿಂತು ಬಂದೆ. ದಾರಿಯುದ್ದಕ್ಕೂ ನೀರಿನ ಮೇಲೆ ಏನಾದರೂ ಕಾಣುತ್ತದೇನೋ ಎಂದು ನೋಡುತ್ತಿದ್ದೆ. ಏನೂ ಕಾಣಲಿಲ್ಲ.

ಸೆಪ್ಟೆಂಬರ್ 21

ಬಂದ! ಬಂದ! ಐವರೂ!

ಮರಳು ಸಾಗಿಸುವ ಹಡಗೊಂದು ಎಳೆದು ತಂದಿತು. ದೋಣಿಯ ಹೊಟ್ಟೆ ಕೆಳಗೇ ಇತ್ತು. ನಾನು ಮೊದಲು ಅದನ್ನೇ ನೋಡಿದ್ದು. ಬಲೆ ಹೋಗಿ ಅಡಿಯಲ್ಲಿ ತಿರುಗುವ ಪಂಖಕ್ಕೆ ಸುತ್ತಿಕೊಂಡು ಎಂಜಿನ್ ನಿಂತಿತಂತೆ. ಅಲೆಯೊಂದು ಚಾಲಕನ ಕೋಣೆಯ ಗಾಜು ಒಡೆದು ರೇಡಿಯೋ, ಚುಕ್ಕಿಯ ಯಂತ್ರ ಎಲ್ಲ ನೆನೆದವಂತೆ. ಜನರಿಲ್ಲದ ನಡುಗಡ್ಡೆಯೊಂದರ ಮರೆಯಲ್ಲಿ ಲಂಗರು ಹಾಕಿ, ಹಸಿ ಮೀನು ತಿಂದುಕೊಂಡು ಕೂತಿದ್ದರಂತೆ.

ಅಮ್ಮ ಧಕ್ಕೆಯ ಮೇಲೆ ತಮ್ಮನ ಕೆನ್ನೆಗೆ ಬಾರಿಸಿದಳು. "ಶೀತ ವಾಸಿಯಾಯ್ತೇನೋ?" ಅಂದಳು. ಆಮೇಲೆ ಅತ್ತಳು. ಈಗ ಅಳಬಹುದು.

ಮನೆಯಲ್ಲಿ ಬಾತುಮೊಟ್ಟೆ ಹಾಕಿದ ಶಾವಿಗೆ ಬಡಿಸಿದಳು. ಕ್ಷೇಮವಾಗಿ ಬಂದವರಿಗೆ ಅದೇ ಕೊಡಬೇಕು. ಅವಳು ಒಲೆಯ ಹತ್ತಿರ ಹೋದಾಗ ಮಾವ ನನ್ನ ಕಡೆ ಬಾಗಿದ. ಗಡ್ಡ ಬೆಳೆದು ಮುಖ ಗುರುತೇ ಸಿಗುತ್ತಿರಲಿಲ್ಲ.

"ಏನೂ ಆಗಿಲ್ಲ ಅಂದಿದ್ದೆ ತಾನೇ?"

"ಹೂಂ."

"ಸುಳ್ಳು. ಹಗಲೂ ರಾತ್ರೀನೂ ಅದೇ ಮೀನು ಕಣ್ಣೆದುರಿಗೆ. ಅಲೆ ಎದ್ದಾಗ್ಲೆಲ್ಲ ನಿನ್ನ ಬೈದೆ. ಇಳಿದಾಗ್ಲೆಲ್ಲ, ಪಾಪ, ಆ ಹುಡುಗಿ ಏನ್ ಅಂದ್ಕೊಂಡು ಸಾಯ್ತಿದಾಳೋ ಅಂದ್ಕೊಂಡೆ." ಮೊಟ್ಟೆ ಬಾಯಿಗಿಟ್ಟುಕೊಂಡ. "ಇನ್ನೊಂದ್ಸಲ ಮಾಡ್ಬೇಡ ಕಣಮ್ಮ. ನಂಬಿಕೆ ಅಂತಲ್ಲ. ಸುಮ್ನೆ ಮಾಡ್ಬೇಡ."

"ಅಮ್ಮಂಗೆ ಹೇಳ್ಬಿಟ್ಟೆ ಮಾವ."

"ಹೇಳ್ಬಿಟ್ಯಾ? ನಿನ್ ಬಾಯಿಗೆ ಬಾಗ್ಲೇ ಇಲ್ವಾ? ಅಷ್ಟು ಶುಂಠಿ ತಿಂದಿದ್ದು ದಂಡ ಆಯ್ತಲ್ಲ!"

ಸೆಪ್ಟೆಂಬರ್ 27

ಮಾತಿನ ಪರೀಕ್ಷೆ. ಮಲೇಷ್ಯಾದ ಹೆಂಗಸು ಪರದೆಯಲ್ಲಿ ಬಂದು ಪ್ರಶ್ನೆ ಕೇಳಿದಳು. ಹಾಸಿಗೆ, ಬೆಂಕಿ, ಕಳೆದುಹೋದ ಮಗು. ಕೊನೆಗೆ, ನಿನಗೆ ಸಮುದ್ರದ ಭಯ ಇದೆಯೇ ಅಂದಳು. ಇದೆ ಅಂದೆ. ಬಂದು ಹೇಳಿದಾಗ, ಹೊರಗೆ ಕಾಯುತ್ತಿದ್ದ ಟಾಂಗ್ ಟೀಚರ್ ತಲೆ ಮೇಲೆ ಕೈ ಹೊತ್ತರು. "ಇಲ್ಲ ಅಂತ ಹೇಳೋಕೆ ಎಷ್ಟು ಸುಲಭದ ಪದ ಕಲಿಸಿದ್ನಲ್ಲೇ!"

ಪಾಸಾಗಿದ್ದೇನೆ. ಪಾನ್ ಕೂಡ. ಇಬ್ಬರೂ ಬೇರೆ ಬೇರೆ ಹಡಗು.

ಅಕ್ಟೋಬರ್ 9

ಪೆಟ್ಟಿಗೆ ತುಂಬಿಯಾಯಿತು. ಅಮ್ಮ ಒಣಗಿಸಿದ ಸಿಂಪಿಯ ಪೊಟ್ಟಣ ಎರಡು ಸಲ ಇಟ್ಟಳು, ನಾನು ಎರಡು ಸಲ ತೆಗೆದೆ. ಮೂರನೇ ಸಲ ಎಲ್ಲಿ ಬಚ್ಚಿಟ್ಟಳೋ ಗೊತ್ತಿಲ್ಲ.

ಭಯ? ಅದು ಹೋಗಿಲ್ಲ.

ಊಟಕ್ಕೆ ಹಳದಿ ಮೀನು. ಅದರ ತಲೆ ಈ ಸಲ ನನ್ನ ಕಡೆಗಿತ್ತು. ಮಾವ ಎಂದಿನ ಹಾಗೆ ಚೇಷ್ಟೆ ಮಾಡಲಿಲ್ಲ. ಮೇಲಿನ ಮಗ್ಗುಲು ಮುಗಿದ ಮೇಲೆ ಮೂವರ ಕಡ್ಡಿಗಳೂ ಒಟ್ಟಿಗೆ ನಿಂತವು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಅಮ್ಮ ಬಾಲದ ಕಡೆಯಿಂದ ನಡುಮುಳ್ಳು ಎತ್ತಿದಳು. ಅರ್ಧಕ್ಕೆ ಬರುವಾಗ ತಟ್ಟೆ ಸ್ವಲ್ಪ ಸರಿಯಿತು. ಮಾವ ಥಟ್ಟನೆ ಎರಡೂ ಕೈಯಿಂದ ತಟ್ಟೆಯನ್ನು ಹಿಡಿದ. ಅವನು ಹಿಡಿದೇ ಇದ್ದ, ಅವಳು ಎತ್ತಿದಳು. ಮುಳ್ಳು ಇಡಿಯಾಗಿ ಬಂತು.

"ಅದನ್ನ ಏನಂತಾರೆ ಇಂಗ್ಲಿಷಲ್ಲಿ?" ಅಮ್ಮ ಕೇಳಿದಳು. "ಆ ನಿನ್ನ ಪದ."

"ಟರ್ನ್."

"ವಾಪಸ್ ಮನೆಗೆ ಬರೋದಕ್ಕೂ ಅದೇನಾ?"

ಹೌದು ಅನ್ನಬಹುದಿತ್ತು. ಅವಳಿಗೆ ಸಂತೋಷವಾಗುತ್ತಿತ್ತು. "ಅರ್ಧ ದಾರೀಲಿ ಹಿಂದಕ್ಕೆ ಹೊರಳೋದಕ್ಕೆ ಅದೇ ಪದ ಅಮ್ಮ. ಮನೆ ತನಕ ಬರೋದಕ್ಕೆ ಬೇರೆ ಇದೆ."

"ಹಾಗಾದ್ರೆ ಆ ಬೇರೇದನ್ನೂ ಕಲ್ತ್ಕೋ. ನಿಮ್ಮ ಟೀಚರ್ ಹೇಳ್ತಾರಲ್ಲ, ಹಾಗೆ. ಕೈಕಾಲಲ್ಲಿ ಮಾಡಿ ಕಲ್ತ್ಕೋ."

ಕೆಳಗಿನ ಮಗ್ಗುಲನ್ನು ಮೂವರೂ ಹಂಚಿಕೊಂಡು ತಿಂದೆವು. ತಟ್ಟೆಗಳನ್ನು ನಾನೇ ತೊಳೆದು, ಬಾಯಿ ಮೇಲಾಗಿ ಜೋಡಿಸಿಟ್ಟೆ.

ನಾಳೆ ಬೆಳಗಿನ ಮೊದಲ ಲಾಂಚಿಗೆ ಹೊರಡುತ್ತೇನೆ.